ಕೊಟ್ಟಿಗೆಯ ರೇಡಿಯೋ ಜಗುಲಿಗೆ ಬಂದದ್ದು

ಮೊನ್ನೆ ಸಂಜೆ ನಮ್ಮ ಅಡುಗೆಮನೆಯ ರೇಡಿಯೋ ಜೀರುಂಡೆ ನುಂಗಿದ ಹಾಗೆ ಕಿರುಗುಟ್ಟತೊಡಗಿತು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಪಕ್ಕದಲ್ಲೇ ನಾನು ಮೊಬೈಲು ಚಾರ್ಜಿಗೆ ಹಾಕಿದ್ದೆ, ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಚಾರ್ಜರು. ಕಿತ್ತರೆ ರೇಡಿಯೋ ಮಾತಾಡುತ್ತದೆ, ಚುಚ್ಚಿದರೆ ಕಿರುಗುಟ್ಟುತ್ತದೆ. ನಾಲ್ಕು ಸಲ ಕಿತ್ತು ನಾಲ್ಕು ಸಲ ಚುಚ್ಚಿ ನೋಡಿದೆ. ನೀವು ನಗಬಹುದು. ನನಗೆ ನಗು ಬರಲಿಲ್ಲ. ಹೆಮ್ಮಿಗೆಯ ದೊಡ್ಡಮ್ಮನ ಮುಖ ನೆನಪಾಯಿತು.

ತೊಂಬತ್ತರ ದಶಕದ ಮಾತು. ನಾನಾಗ ನಂಜನಗೂಡಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆರು ತಿಂಗಳ ಕೋರ್ಸು ಮುಗಿಸಿದ್ದವನು, ನೂರು ವರ್ಷ ಓದಿದವನ ಹಾಗೆ ನಡೆಯುತ್ತಿದ್ದೆ. ಶರಟಿನ ಜೇಬಿನಲ್ಲಿ ಸದಾ ಒಂದು ಟೆಸ್ಟರು. ಮದುವೆ ಊಟಕ್ಕೆ ಹೋದರೂ ಟೆಸ್ಟರು. ಪಾಯಸ ಬಡಿಸುವವನಿಗೂ ಗೊತ್ತಾಗಬೇಕು, ಕೂತಿರುವವನು ಮೆಕಾನಿಕ್ಕು ಎಂದು.

ಆ ಕಾಲದಲ್ಲಿ ನಮ್ಮ ಕಡೆ ಒಂದು ರೋಗವಿತ್ತು. ಯಾವುದಕ್ಕಾದರೂ ಮದ್ದು ಎಂದರೆ ಇನ್ನೂ ಜೋರು. ಪೈರು ಏಳಲಿಲ್ಲವೇ, ಇನ್ನೊಂದು ಮೂಟೆ ಗೊಬ್ಬರ ಸುರಿ. ದೇವರು ಕೇಳಲಿಲ್ಲವೇ, ಇನ್ನೊಂದು ಮೈಕಿನ ಹಾರ್ನು ಕಟ್ಟು. ಈ ರೋಗಕ್ಕೆ ನಮ್ಮ ದೊಡ್ಡಪ್ಪನೇ ಹಿರಿಯ ರೋಗಿ. ಮನೆಯೊಳಗೆ ಪಕ್ಕದಲ್ಲಿ ಕೂತವರ ಜೊತೆಗೂ ಕಾಲುವೆ ಆಚೆ ನಿಂತವರನ್ನು ಕೂಗುವ ದನಿಯಲ್ಲೇ ಮಾತಾಡುವವರು.

ದೊಡ್ಡಮ್ಮ ಇದಕ್ಕೆ ತದ್ವಿರುದ್ಧ. ಅವಳ ಮಗಳು ರತ್ನಕ್ಕನನ್ನು ಕೊಟ್ಟಿದ್ದು ಹುಬ್ಬಳ್ಳಿಯ ಕಡೆ ಕೆಲಸದಲ್ಲಿದ್ದ ಹುಡುಗನಿಗೆ. ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಫೋನು ಬನ್ನೂರಿಗೆ ಹೋಗಿ ಮಾಡಬೇಕು. ದೊಡ್ಡಮ್ಮ ದಿನವೂ ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ತನ್ನ ಹಳೆಯ ಸೆಲ್ಲಿನ ರೇಡಿಯೋದಲ್ಲಿ ಧಾರವಾಡ ಸ್ಟೇಷನ್ ಹಾಕಿಕೊಳ್ಳುತ್ತಿದ್ದಳು. ಮಗಳು ಅದನ್ನೇ ಕೇಳುತ್ತಾಳಂತೆ, ಅದಕ್ಕೆ ತಾನೂ ಅದನ್ನೇ. ಅಷ್ಟೇ ಕಾರಣ.

ಆ ವರ್ಷ ಡಿಸೆಂಬರಿನಲ್ಲಿ ರತ್ನಕ್ಕನಿಂದ ಕಾಗದ ಬಂತು. ತಾನು ಸೋಬಾನೆ ಪದ ಹಾಡಿದ್ದೇನೆ, ಗುರುವಾರ ಸಂಜೆ ಆರೂವರೆಗೆ ಧಾರವಾಡ ಸ್ಟೇಷನ್ನಿನಲ್ಲಿ ಬರುತ್ತದೆ, ಅವ್ವನಿಗೆ ಕೇಳಿಸಿ ಎಂದು. ಮಾರನೆಯ ದಿನ ದೊಡ್ಡಪ್ಪ ನಂಜನಗೂಡಿಗೆ ಬಂದು ಅಂಗಡಿಯ ಮುಂದೆ ನಿಂತರು.

"ಲೇ ಮಗಾ, ಇಡೀ ಊರ್ಗೇ ಕೇಳುಸ್ಬೇಕು ಕಣ್ಲಾ. ಅದೇನ್ ಮಾಡ್ತೀಯೋ ಮಾಡು, ಜೋರಾಗಿರ್ಬೇಕು!"

ನನಗೆ ಇಷ್ಟು ಸಾಕಿತ್ತು. ಮೋಟಾರು ವೈಂಡಿಂಗ್ ಅಂಗಡಿಯಿಂದ ನೂರಡಿ ತಾಮ್ರದ ತಂತಿ ತಂದೆ. ಎರಡು ತೆಂಗಿನ ಮರದ ನಡುವೆ ಎಳೆದು, ತುದಿಯನ್ನು ತಂದು ರೇಡಿಯೋಗೆ ಸುತ್ತಿದರೆ ಧಾರವಾಡವೇ ಮನೆ ಬಾಗಿಲಿಗೆ ಬರಬೇಕು ಎಂಬುದು ನನ್ನ ಪಾಂಡಿತ್ಯ. ಅಂಗಡಿಯ ಯಜಮಾನರು ದೇವನೂರಿನ ಸಿದ್ದಪ್ಪನವರು, ಹಣೆ ತುಂಬ ವಿಭೂತಿ ಧರಿಸಿ ದಿನಕ್ಕೆ ಹತ್ತು ಮಾತಾಡುವವರು. ತಂತಿ ನೋಡಿ, ಬೆಸುಗೆ ಹಾಕುವ ಕಾವಿಯ ತುದಿ ಒರೆಸುತ್ತಾ ಹೇಳಿದರು.

"ಅಲ್ಲಪ್ಪಾ, ಧಾರ್ವಾಡ ಬರೋದೇ ಪಿಸುಮಾತ್ನಂಗೆ. ಬೆಂಗ್ಳೂರು ಸ್ಟೇಷನ್ನು ಪಕ್ಕದಲ್ಲೇ ತಮಟೆ ಬಡೀತಾ ಕುಂತದೆ. ನೀನು ಕಿವೀನ ಆನೆ ಕಿವಿ ಮಾಡಿದ್ರೆ ಜಾಸ್ತಿ ಕೇಳೋದು ಯಾವ್ದು, ಪಿಸುಮಾತಾ, ತಮಟೆಯಾ?"

ಮುದುಕರಿಗೆ ಹೊಸ ವಿದ್ಯೆ ಹತ್ತದು ಎಂದುಕೊಂಡು ಬಸ್ಸು ಹತ್ತಿದೆ.

ಹೆಮ್ಮಿಗೆಯಲ್ಲಿ ದೊಡ್ಡಪ್ಪ ನನ್ನನ್ನೂ ಮೀರಿಸಿದ್ದರು. ಬರುವವರಿಗೆ ಕತ್ತಲಾಗಬಾರದೆಂದು ಬನ್ನೂರಿನಿಂದ ಎರಡು ಟ್ಯೂಬ್‌ಲೈಟು ತಂದು ಜಗುಲಿಗೆ ಹಾಕಿಸಿದ್ದರು. ರೇಡಿಯೋ ತರಲು ನಾನು ಕೊಟ್ಟಿಗೆಗೆ ಹೋದೆ. ಗೊಂತಿನ ಪಕ್ಕದ ಮೋಟುಗೋಡೆಯ ಮೇಲೆ ಅದು ಸೊಟ್ಟಗೆ, ಯಾರ ಮೇಲೋ ಮುನಿಸಿಕೊಂಡ ಹಾಗೆ ಕೂತಿತ್ತು. ಅದರ ಎರಡು ಮೂಲೆಯ ಪಕ್ಕ ಗೋಡೆಗೆ ಸುಣ್ಣದಲ್ಲಿ ಎಳೆದ ಗೀಟು.

"ಇದೇನ್ ದೊಡ್ಡಮ್ಮಾ, ದಿಕ್ಕು ನೋಡಿ ಕೂರ್ಸೋಕೆ ಇದೇನ್ ದೇವ್ರಾ?" ಎಂದೆ.

"ಅಂಗಿಕ್ಕುದ್ರೆ ಬೆಂಗ್ಳೂರು ತಗ್ಗ್ತದೆ, ಧಾರ್ವಾಡ ಮ್ಯಾಕೇಳ್ತದೆ ಕಣಪ್ಪ. ಇಲ್ಲೇ ಬುಟ್ಬುಡು. ಒಸಿ ಹೊತ್ತು ಇಲ್ಲೇ ಕೇಳ್ಕತೀನಿ."

ನಾನು ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ರೇಡಿಯೋದ ಹೊಟ್ಟೆಯೊಳಗೆ ಪೆನ್ಸಿಲಿನಂಥ ಒಂದು ಕಪ್ಪು ಕಡ್ಡಿ ಇರುತ್ತದೆ. ಅದರ ತುದಿ ಯಾವ ಸ್ಟೇಷನ್ನಿನತ್ತ ತಿರುಗುತ್ತದೋ ಆ ಸ್ಟೇಷನ್ನು ಕುಗ್ಗುತ್ತದೆ. ಕೋರ್ಸಿನ ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ನಾನು ಅದನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ದೊಡ್ಡಮ್ಮ ಎಮ್ಮೆ ಕರೆಯುತ್ತಾ ಕಂಡುಕೊಂಡು ಸುಣ್ಣದಲ್ಲಿ ಗುರುತು ಹಾಕಿದ್ದಳು.

ಆರೂವರೆಗೆ ಜಗುಲಿಯ ತುಂಬ ಜನ. ಒಳಗೆ ಕಾಫಿ ಸೋಸುತ್ತಿದ್ದ ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತಳು. ನಾನು ತಂತಿ ಸುತ್ತಿದ ರೇಡಿಯೋದ ಸ್ವಿಚ್ಚು ತಿರುಗಿಸಿದೆ. ಬೆಂಗಳೂರು ಸ್ಟೇಷನ್ನು ಕೊಬ್ಬರಿಯ ಧಾರಣೆ ಹೇಳುತ್ತಾ ಆರ್ಭಟಿಸಿತು. ಮುಳ್ಳನ್ನು ಧಾರವಾಡಕ್ಕೆ ತಂದೆ, ಅಲ್ಲೂ ಕೊಬ್ಬರಿ. ಆಚೆಗೆ ತಿರುಗಿಸಿದೆ, ಅಲ್ಲೂ ಕೊಬ್ಬರಿ. ಅದರ ಕೆಳಗೆ ಟ್ಯೂಬ್‌ಲೈಟಿನ ಚೋಕು ಕಣಜದ ಗೂಡು ಕೆದಕಿದ ಹಾಗೆ ಗುಂಯ್‌ಗುಡುತ್ತಿತ್ತು. ತಂತಿಗೇನು ಗೊತ್ತು? ಅದು ಬಲೆ. ದೊಡ್ಡ ಬಲೆ ಬೀಸಿದರೆ ಮೊದಲು ಬೀಳುವುದು ಮೊಸಳೆ, ಆಮೇಲೆ ಕಸ. ಮೀನು ಅವೆರಡರ ಅಡಿ ಸಿಕ್ಕಿ ಅಪ್ಪಚ್ಚಿ.

"ಲೋ ಮೆಕಾನಿಕ್ಕು, ನಮ್ ರತ್ನವ್ವ ಕೊಬ್ರಿ ವ್ಯಾಪಾರಕ್ಕೆ ಕುಂತವ್ಳಾ?" ಎಂದಿತು ಹಿಂದಿನಿಂದ ಒಂದು ದನಿ.

"ಸೌಂಡ್ ಜಾಸ್ತಿ ಮಾಡ್ಲಾ!" ಎಂದು ದೊಡ್ಡಪ್ಪ ಗುಡುಗಿದರು. ಜಾಸ್ತಿ ಮಾಡಿದೆ. ಕೊಬ್ಬರಿಯ ಧಾರಣೆ ಊರಾಚೆಗೂ ಕೇಳಿಸಿತು. ತಂತಿ ಸಾಲದೇನೋ ಎಂದು ಉಳಿದ ಸುರುಳಿಯನ್ನೂ ಬಿಚ್ಚಿ ಸುತ್ತಲು ಹೋದೆ ಅಂದರೆ ನೀವು ನಂಬಬೇಕು.

"ಆ ದೀಪ ಆರ್ಸಿ, ಒಳ್ಗೆ ತಕ್ಕೊಂಡೋಗನ" ಎಂದು ದೊಡ್ಡಮ್ಮ ಎರಡು ಸಲ ಹೇಳಿದಳು. ಅವಳ ದನಿ ಚಿಕ್ಕದು. ಆ ಜಗುಲಿಯಲ್ಲಿ ಧಾರವಾಡದ ಗತಿಯೇ ಅವಳದೂ ಆಯಿತು.

ಕೊನೆಗೆ ಅವಳೇ ಜನರ ನಡುವೆ ಬಂದಳು. ತಂತಿಯನ್ನು ಹೀರೇಕಾಯಿ ಬಳ್ಳಿ ಕಿತ್ತ ಹಾಗೆ ಕಿತ್ತೆಸೆದು ರೇಡಿಯೋವನ್ನು ಸೆರಗಿನಲ್ಲಿ ಹಿಡಿದು ಕೊಟ್ಟಿಗೆಗೆ ನಡೆದಳು. ನಾನು ಹಿಂದೆಯೇ ಓಡಿದೆ. ಕತ್ತಲಲ್ಲಿ ಬೆರಳಿನಿಂದಲೇ ಸುಣ್ಣದ ಗೀಟು ತಡವಿ ಸೊಟ್ಟಗೆ ಇಟ್ಟಳು. ಬೆಂಗಳೂರು ಬಾಗಿಲು ಮುಚ್ಚಿದ ಹಾಗೆ ತಗ್ಗಿತು. ತೆಳ್ಳಗೆ, ದೂರದಿಂದ, ಒಬ್ಬಾಕೆಯ ಮಾತು ಕೇಳಿಸಿತು: ಇಷ್ಟು ಹೊತ್ತು ಸೋಬಾನೆ ಪದಗಳನ್ನು ಹಾಡಿದವರು... ರತ್ನಕ್ಕನ ಹೆಸರು. ಅಷ್ಟೇ. ಮುಂದೆ ವೀಣೆ.

ದೊಡ್ಡಮ್ಮ ರೇಡಿಯೋ ಆರಿಸಿದಳು.

"ಎಸ್ರ ಸರ್ಯಾಗೇ ಯೋಳುದ್ರು" ಎಂದಳು. ಆಮೇಲೆ, "ಕಾಫಿ ಆರೋಯ್ತದೆ, ಓಗು" ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಜಗುಲಿಯಲ್ಲಿ ದೊಡ್ಡಪ್ಪ ತಂತಿ ಇನ್ನೂರಡಿ ಇರಬೇಕಿತ್ತು ಎಂದು ಜನರಿಗೆ ವಿವರಿಸುತ್ತಿದ್ದರು. ಆ ಮನುಷ್ಯ ಸಾಯುವವರೆಗೂ ಅದನ್ನೇ ನಂಬಿದ್ದರು.

ಎರಡು ವರ್ಷ ಕಳೆದು ಹೆಮ್ಮಿಗೆಗೆ ಹೋದಾಗ ಮಾತಿಗೆ ಮಾತು ಬಂದು ಗೊತ್ತಾಯಿತು, ರತ್ನಕ್ಕ ಮತ್ತೊಮ್ಮೆ ಹಾಡಿದ್ದಳಂತೆ. ದೊಡ್ಡಮ್ಮ ಕೊಟ್ಟಿಗೆಯಲ್ಲಿ ಮೊದಲಿಂದ ಕೊನೆಯವರೆಗೂ ಕೇಳಿದಳಂತೆ.

"ನಂಗೊಂದ್ ಮಾತು ಹೇಳೋದಲ್ವಾ ದೊಡ್ಡಮ್ಮಾ?" ಎಂದೆ.

"ಯೋಳಿದ್ರೆ ನೀನು ಬತ್ತಿದ್ದೆ" ಎಂದಳು.

ನಾನು ಆಮೇಲೆ ಎಷ್ಟೋ ಜನರಿಂದ ಬೈಸಿಕೊಂಡಿದ್ದೇನೆ. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಬೈಗುಳ ಇನ್ನೂ ಸಿಕ್ಕಿಲ್ಲ.

ಮೊನ್ನೆ ಚಾರ್ಜರನ್ನು ಹೊರಗಿನ ಕೋಣೆಗೆ ಗಡೀಪಾರು ಮಾಡಿ ಬಂದೆ. ಮಿಣುಕುವ ಎಲ್‌ಇಡಿ ಬಲ್ಬನ್ನೂ ಆರಿಸಿದೆ. ಅಡುಗೆಮನೆಯ ಕತ್ತಲಲ್ಲಿ ರೇಡಿಯೋವನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತಾ ಹೋದೆ. ಒಂದು ಕಡೆ ಗದ್ದಲ ತಗ್ಗಿತು, ಅದರಡಿಯಿಂದ ತೆಳ್ಳಗೆ ಯಾರೋ ಹಾಡುವುದು ಕೇಳಿಸಿತು. ಯಾವ ಊರಿನ ಸ್ಟೇಷನ್ನೋ, ಯಾರ ಮನೆಯ ಮಗಳೋ. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ರಂಗೋಲಿ ಡಬ್ಬದಿಂದ ಚಾಕ್‌ಪೀಸು ತೆಗೆದು ಅದರ ಎರಡು ಮೂಲೆಗೂ ಗೀಟೆಳೆದೆ.

"ಇದೇನ್ರೀ ಇದು, ಕಡಪಾ ಕಲ್ಲಿನ ಮೇಲೆಲ್ಲಾ ಗೀಚ್ತಿದೀರಾ?" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

"ಒರೆಸ್ಬೇಡ ಕಣೇ. ಅದು ದೊಡ್ಡಮ್ಮನ ಗೀಟು" ಎಂದೆ.