ಬಚ್ಚಲ ಮೋರಿಯ ತೆಂಗು

ಇದನ್ನು ಹೇಳಬೇಕೆಂದುಕೊಂಡು ಹೇಳದೆಯೇ ಬಹಳ ವರ್ಷ ಕಳೆದೆ. ಅಣ್ಣ ಇರುವವರೆಗೆ, ಅವನಿಗೆ ನೋವಾಗುತ್ತದೆ ಅಂದುಕೊಂಡೆ. ಅವನು ಹೋದ ಮೇಲೆ, ಇನ್ನು ಹೇಳಿ ಯಾರಿಗೇನು ಅಂದುಕೊಂಡೆ. ಎರಡೂ ನೆಪಗಳೇ. ಮೊನ್ನೆ ಪಕ್ಕದ ಮನೆಯವರು ಗೋಡೆಗೆ ಬೇರು ಹೊಕ್ಕಿತೆಂದು ಒಂದು ಮರ ಕಡಿಸಿದರು. ಕೊಡಲಿಯ ಸದ್ದು ಕೇಳಲಾರದೆ ಬಾಗಿಲು ಹಾಕಿಕೊಂಡು ಕೂತೆ.

ಚನ್ನರಾಯಪಟ್ಟಣದಲ್ಲಿ ನಮ್ಮದು ನಾಡಹೆಂಚಿನ ಮನೆ. ಹಿತ್ತಿಲ ಕಡೆ ಬಚ್ಚಲು. ಅದರ ನೀರು ಚಪ್ಪಡಿ ಮುಚ್ಚಿದ ಮೋರಿಯಲ್ಲಿ ಹರಿದು ಹಿತ್ತಿಲಿಗೆ ಬೀಳುತ್ತಿತ್ತು. ಬಚ್ಚಲಿನ ಒಂದು ಪಕ್ಕಕ್ಕೆ ನನ್ನ ಮರ. ಹೈಸ್ಕೂಲಿನಲ್ಲಿದ್ದಾಗ ವನಮಹೋತ್ಸವಕ್ಕೆ ಹಂಚಿದ ಆಕಾಶಮಲ್ಲಿಗೆ ಸಸಿಯನ್ನು ತಂದು, ಗೋಡೆಗೆ ಒಂದು ಮಾರು ಜಾಗವನ್ನೂ ಬಿಡದೆ ನೆಟ್ಟಿದ್ದೆ. ಅದು ಹೆಂಚನ್ನು ಮೀರಿ ಬೆಳೆದು ನೆಲದ ತುಂಬ ಬಿಳಿ ಹೂ ಚೆಲ್ಲುತ್ತಿತ್ತು. ಇನ್ನೊಂದು ಪಕ್ಕಕ್ಕೆ, ಮೋರಿಯ ಬಾಯಲ್ಲೇ, ಅತ್ತಿಗೆಯ ತೆಂಗು.

ಅಣ್ಣನ ಹೆಂಡತಿ ಅರಕಲಗೂಡಿನವರು. ಐವತ್ತರ ದಶಕದ ನಡುವೆ ಬಾಣಂತನ ಮುಗಿಸಿ ಗಂಡುಮಗುವಿನ ಜೊತೆ ಬಂದಾಗ, ಅವರಪ್ಪ ಮಡಿಲಕ್ಕಿಯೊಂದಿಗೆ ಒಂದು ತೆಂಗಿನ ಸಸಿಯನ್ನೂ ಕೊಟ್ಟು ಕಳಿಸಿದ್ದರು. ಮಗುವಿಗೆ ಎರೆದ ನೀರು ಕುಡಿದೇ ಸಸಿ ಬೆಳೆಯಬೇಕು, ಅದು ಅವರ ಮನೆಯ ಪದ್ಧತಿ. ಅತ್ತಿಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು.

"ಒದೀಬ್ಯಾಡ ಕಣ್ಲಾ. ಆಚೆ ನಿನ್ ತಮ್ಮ ಕಾಯ್ತಾವ್ನೆ, ಅವಂಗೂ ಒಸಿ ನೀರು ಓಗ್ಲಿ" ಎನ್ನುವುದು ನಡುಮನೆಗೆ ಕೇಳುತ್ತಿತ್ತು. ಬೀದಿಯವರೆಲ್ಲ ಅವರನ್ನು ಪುಟ್ಟನವ್ವ ಎಂದೇ ಕರೆಯುತ್ತಿದ್ದರು.

ಎರಡು ವರ್ಷ ತುಂಬುವ ಮೊದಲೇ ಮಗು ಜ್ವರದಲ್ಲಿ ಹೋಯಿತು. ಹಾಸನದ ಆಸ್ಪತ್ರೆಗೆ ಹೊರಟಿದ್ದ ಬಸ್ಸಿನಲ್ಲೇ, ಅವರ ತೊಡೆಯ ಮೇಲೆ. ಮತ್ತೆ ಮಕ್ಕಳಾಗಲಿಲ್ಲ. ಆ ಹೆಸರಿನಿಂದ ಕರೆಯುವುದನ್ನು ಬೀದಿ ಬಿಟ್ಟಿತು. ಅತ್ತಿಗೆ ಮಾತ್ರ ತಮ್ಮ ಸ್ನಾನವಾದ ಮೇಲೆ ಒಂದು ಚೆಂಬು ಬೆಚ್ಚನೆಯ ನೀರನ್ನು ಮೋರಿಗೆ ಬಿಡುತ್ತಿದ್ದರು. ಪುಟ್ಟನ ಮರ ಎನ್ನುತ್ತಿದ್ದರು. ಅದು ಮೊದಲು ಕಾಯಿ ಬಿಟ್ಟಾಗ ಎಳನೀರನ್ನೆಲ್ಲ ಬೀದಿಯ ಮಕ್ಕಳಿಗೆ ಹಂಚಿದರು, ತಾವು ಕುಡಿಯಲಿಲ್ಲ.

ಅರವತ್ತರ ದಶಕದ ನಡುಭಾಗ. ನಾನು ಹಾಸನದಲ್ಲಿ ಗುಮಾಸ್ತ. ಹೊಳೆನರಸೀಪುರದ ಹೆಣ್ಣು ಗೊತ್ತಾಗುವುದರಲ್ಲಿತ್ತು. ಆಗಲೇ ಮೋರಿ ಕಟ್ಟಿಕೊಂಡು, ಹಿಂದಕ್ಕೆ ಒತ್ತಿದ ನೀರು ಬಚ್ಚಲು ದಾಟಿ ಒಳಗೆ ಬರತೊಡಗಿತು. ಮನೆ ನೋಡಲು ಬಂದ ಹೆಣ್ಣಿನ ಸೋದರಮಾವ ಕೈ ತೊಳೆಯಲು ಹೋದವನು ಪಂಚೆ ಎತ್ತಿ ಹಿಡಿದುಕೊಂಡು ಹೊರಬಂದ.

"ನಮ್ಮೂರಲ್ಲಿ ಒಳೆ ಊರಾಚೆ ಅರೀತದೆ ಕಣ್ರಪ್ಪಾ. ನಿಮ್ಮಲ್ಲಿ ಬಚ್ಚಲಿಗೇ ಬಂದ್ಬುಟ್ಟದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ತಮ್ಮಪ್ಪನ ತಿಥಿಗೆಂದು ಅತ್ತಿಗೆ ಅಣ್ಣನ ಜೊತೆ ಅರಕಲಗೂಡಿಗೆ ಹೋದ ಮಾರನೆಯ ದಿನವೇ ನಾನು ಮರ ಕಡಿಯುವವನನ್ನು ಕರೆತಂದೆ. ಮೋರಿಗೆ ಬೇರು ನುಗ್ಗಿಸಿ ನೀರು ಕಟ್ಟಿಸಿದ್ದು ತೆಂಗೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೋರಿಯ ಬಾಯಲ್ಲಿ ಇದ್ದದ್ದು ಅದೇ ತಾನೆ. ಅವನು ತಲೆ ಎತ್ತಿ ನೋಡಿದ.

"ಒಂಬಾಳೆ ಒಡ್ದು ನಿಂತದೆ ಕಣಣ್ಣಾ. ಬದ್ಲಿಗೆ ಒಂದು ಸಸಿ ಊರ್ದೆ ನಾ ಕೊಡ್ಲಿ ಆಕಾಕಿಲ್ಲ."

ಫಲ ಬಿಡುವ ತೆಂಗನ್ನು ಹಾಗೇ ಕಡಿಯುವುದು ನಮ್ಮ ಕಡೆ ಇಲ್ಲ. ಬೇಲಿಯ ಹತ್ತಿರ ಒಂದು ಸಸಿ ಊರಿ, ಕುಂಕುಮ ಇಟ್ಟು ಕಾಯಿ ಒಡೆದೆ. ಮಾಡಬೇಕಾದ್ದನ್ನು ಮಾಡಿದ್ದೇನೆ ಎಂಬ ಸಮಾಧಾನ ಬಂತು. ಮಧ್ಯಾಹ್ನಕ್ಕೆ ಮರ ಮಲಗಿತು.

ಅವನು ಹೋದ ಮೇಲೆ ನಾನೊಬ್ಬನೇ ಚಪ್ಪಡಿ ಎತ್ತಿದೆ. ತೆಂಗಿನ ಬೇರು ಹುರಿಯಂತೆ ಸಣ್ಣಗೆ ಮೋರಿಯ ಹೊರಗೇ ಇತ್ತು. ಒಳಗಿದ್ದದ್ದು ನನ್ನ ತೋಳಿನಷ್ಟು ದಪ್ಪದ ಬೇರು, ಮೈತುಂಬ ಗಡ್ಡ ಬಿಟ್ಟುಕೊಂಡು ಮಲಗಿತ್ತು. ಅದರ ಜಾಡು ಹಿಡಿದು ಕೆದಕುತ್ತ ಹೋದೆ. ಅದು ನನ್ನ ಆಕಾಶಮಲ್ಲಿಗೆಯ ಬುಡಕ್ಕೆ ಹೋಗಿ ಸೇರಿತು.

ಗರಗಸ ತಂದು ಕೊಯ್ದೆ. ನೀರು ಸರಸರನೆ ಹರಿಯಿತು. ತುಂಡುಗಳನ್ನು ಒಲೆಗೆ ಹಾಕಿ, ಚಪ್ಪಡಿ ಮುಚ್ಚಿದೆ.

ಅತ್ತಿಗೆ ಬಂದವರು ಸ್ನಾನ ಮಾಡಿ, ಎಂದಿನಂತೆ ಚೆಂಬು ಹಿಡಿದು ಮೋರಿಯ ಕಡೆ ತಿರುಗಿ ನಿಂತರು. ಕಿಂಡಿಯಾಚೆ ಬರಿಯ ಬೆಳಕಿತ್ತು. ನಾನು ಬುಡದಿಂದ ಕಿತ್ತ ತೆಂಗಿನ ಬೇರಿನ ಕಂತೆಯನ್ನು ಎತ್ತಿ ತೋರಿಸಿದೆ. "ನೋಡಿ ಅತ್ಗೆ, ಮೋರಿ ತುಂಬ ಇದೇ ಇತ್ತು" ಎಂದೆ.

ಅಣ್ಣ ಕೂಗಾಡಿದ. "ಒಂದ್ಮಾತು ಕೇಳಿ ಕಡಿಯಾಕೆ ಏನಾಗಿತ್ಲಾ ನಿಂಗೆ?"

"ಬೈಬ್ಯಾಡಿ, ಸುಮ್ಕಿರಿ. ಬಚ್ಚಲ ಬಾಯ್ಗೆ ತಂದು ನೆಟ್ಟೋಳು ನಾನು" ಎಂದರು ಅತ್ತಿಗೆ. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀರು ಸಲೀಸಾಗಿ ಓಯ್ತದಾ?" ಎಂದು ಕೇಳಿದರು.

"ಓಯ್ತದೆ ಅತ್ಗೆ."

"ಅಷ್ಟಾದ್ರೆ ಸಾಕು ಬಿಡಪ್ಪಾ."

ಚೆಂಬಿನ ನೀರನ್ನು ಮತ್ತೆ ಹಂಡೆಗೇ ಸುರಿದರು. ಅಂದಿನಿಂದ ಆ ಚೆಂಬು ನೀರು ನಿಂತಿತು.

ಕಾರ್ತಿಕದಲ್ಲಿ ನನ್ನ ಮದುವೆಯಾಯಿತು. ಅತ್ತಿಗೆ ಬೆಳಗಿನ ಜಾವವೇ ಎದ್ದು ಆಕಾಶಮಲ್ಲಿಗೆ ಆಯ್ದು, ನನ್ನ ಹೆಂಡತಿಯಾಗುವವಳ ಮುಡಿಗೆ ತಾವೇ ಕಟ್ಟಿದರು. ಬೇಲಿಯ ಹತ್ತಿರದ ಸಸಿಗೆ ನೀರು ಹಾಕುವುದು ನನಗೆ ಮರೆತುಹೋಗಿ, ಅದು ಒಣಗಿತು. ಆಕಾಶಮಲ್ಲಿಗೆಯ ಬೇರು ಮಾತ್ರ ಮತ್ತೆ ಮತ್ತೆ ಮೋರಿಗೆ ಬರುತ್ತಿತ್ತು. ರಜೆಗೆ ಬಂದಾಗ ಮೋರಿ ತೊಳೆಯುತ್ತೇನೆಂದು ಹೇಳಿ, ಚಪ್ಪಡಿ ಎತ್ತಿ ಗುಟ್ಟಾಗಿ ಕೊಯ್ಯುತ್ತಿದ್ದೆ. "ನಮ್ ಮೈದನಷ್ಟು ಅಚ್ಚುಕಟ್ಟು ಯಾರವ್ರೆ" ಎಂದು ಅತ್ತಿಗೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ಆ ದಶಕ ಮುಗಿಯುವುದರೊಳಗೆ ಅವರು ಹಾಸಿಗೆ ಹಿಡಿದರು. ಒಂದು ಸಂಜೆ ನಾವಿಬ್ಬರೇ ಇದ್ದೆವು. ಬಚ್ಚಲ ಕಡೆ ನೋಡುತ್ತ ಸಣ್ಣಗೆ ನಕ್ಕು, "ನನ್ ಮಗ ನಿಮ್ಗೆಲ್ಲ ಎಷ್ಟು ತೊಂದ್ರೆ ಕೊಟ್ಬುಟ್ಟ ಅಲ್ವಾ" ಎಂದರು. "ಕಾಫಿ ಕಾಯಿಸ್ಲಾ ಅತ್ಗೆ?" ಎಂದು ಕೇಳಿ ಎದ್ದುಹೋದೆ.

ತೊಂದರೆ ಕೊಟ್ಟದ್ದು ನನ್ನ ಮರ. ಪುಟ್ಟನ ಮರ ಮೋರಿಯೊಳಕ್ಕೆ ಒಂದು ಎಳೆಯನ್ನೂ ಚಾಚಿರಲಿಲ್ಲ. ಈ ಮಾತನ್ನು ಕೇಳಬೇಕಾಗಿದ್ದವರು, ತಪ್ಪಾಯಿತು ಎಂದು ನಾನು ಕಾಲು ಮುಟ್ಟಬೇಕಾಗಿದ್ದವರು, ಮಗನ ಮೇಲಿನ ದೂರನ್ನು ನಂಬಿಕೊಂಡೇ ಹೋದವರು, ನನ್ನ ಅತ್ತಿಗೆ. ಪುಟ್ಟನವ್ವ.