ಆನೆಯ ಜೊತೆ ಕಾಳಿ ನದಿಗೆ ಇಳಿದ ಬೆಳಿಗ್ಗೆ

ಮೌಳಂಗಿಯ ಬಳಿ ಕಾಳಿ ನದಿಯಲ್ಲಿ, ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ, ಮರದ ದಿಮ್ಮಿ ಎಳೆಯುವ ಒಂದು ಹೆಣ್ಣಾನೆ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು. ಸ್ವಲ್ಪ ದೂರ ನಡೆಯುವುದು, ನಿಂತು ಸುಧಾರಿಸಿಕೊಳ್ಳುವುದು, ಮತ್ತೆ ತಿರುಗಿ ನಡೆಯುವುದು. ಅರವತ್ತರ ದಶಕದ ಮಾತಿದು. ಸೈಕಲ್ಲಿನಿಂದ ಬಿದ್ದು ಮುರಿದಿದ್ದ ನನ್ನ ಕಾಲಿನ ಪ್ಲಾಸ್ಟರ್ ತೆಗೆದು ತಿಂಗಳಾಗಿತ್ತು. ಆಡಿಸದಿದ್ದರೆ ಮೊಣಕಾಲು ಹಾಗೆಯೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರರು ಎಚ್ಚರಿಸಿದ್ದರೂ ನೋವಿಗೆ ಹೆದರಿ ಕೋಲೂರಿ ಕುಂಟುತ್ತಿದ್ದೆ.

“ದಿಮ್ಮಿ ಉರುಳಿ ಆಕಿ ಕಾಲಿಗೆ ಪೆಟ್ಟಾಗೈತ್ರೀ,” ಎಂದ ದಡದಲ್ಲಿದ್ದ ಮಾವುತ ಹುಸೇನಸಾಬ. “ನೆಲದ ಮ್ಯಾಲ ಕಾಲೂರಂಗಿಲ್ಲ. ನೀರಾಗ ಮೈಭಾರ ಕಡಿಮಿ ನೋಡ್ರಿ, ಅದಕ್ಕ ತಾನ ಇಳೀತಾಳ. ಸಾಕಾದ್ರ ತಾನ ಮ್ಯಾಲ ಬರ್ತಾಳ. ನಾ ಏನೂ ಕಲಿಸಿಲ್ಲ.”

ನೀರಿನಲ್ಲಿ ಭಾರ ಕಡಿಮೆಯಾಗುವ ಇದೇ ನಿಯಮವನ್ನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದ ನಾನು ಬೆರಗಾಗಿ ನಿಂತುಬಿಟ್ಟೆ.

“ನೀವೂ ಇಳೀರಿ ಸಾಹೇಬ್ರ,” ಎಂದು ಅವನು ನನ್ನ ಕೋಲು ನೋಡಿದ. “ಆಕಿ ನಕ್ಕರ ನಾ ಬೈತೇನಿ.”

ಧೋತರ ಮೇಲೆತ್ತಿ ಕಟ್ಟಿ, ಅವನ ಭುಜ ಹಿಡಿದು, ದಡದ ಪಕ್ಕದಲ್ಲೇ ಸೊಂಟಮಟ್ಟದ ನೀರಿಗೆ ಇಳಿದೆ. ಎಷ್ಟೋ ದಿನಗಳ ಮೇಲೆ ಮೊಣಕಾಲು ಒಂದಿಷ್ಟು ಮಡಚಿತು. ನಾನು ದಣಿದು ನಿಂತಾಗ ಆಚೆ ಆನೆಯೂ ನಿಂತಿತು. ನಾನು ಹೊರಟಾಗ ಅದೂ ಹೊರಟಿತು.

ಆನೆ ನಿಜವಾಗಿ ನನಗಾಗಿ ನಿಂತಿತೇ, ಅಥವಾ ಇಷ್ಟು ವರ್ಷಗಳಲ್ಲಿ ಅದನ್ನು ನಾನೇ ಸೇರಿಸಿಕೊಂಡೆನೇ? ನೆನಪನ್ನು ಸುಲಭವಾಗಿ ನಂಬುವವನಲ್ಲ ನಾನು. ಆದರೆ ಅಂದಿನಿಂದ ದಿನಾ ನೀರಿಗಿಳಿದೆ. ಆ ಯುಗಾದಿಗೆ ಪಂಕ್ತಿಯಲ್ಲಿ ಎಲ್ಲರಂತೆ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆ ಉಂಡೆ. ಅಷ್ಟಂತೂ ಖಂಡಿತ.