ಕಾಕು ತಂದ ಮಣೆ

ಮೊನ್ನೆ ಸೂಜಿ ಚುಚ್ಚಿಸಿಕೊಳ್ಳಲು ಹೋದಾಗ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆಗೆ ತಮ್ಮನ ನೆನಪಾಗಬೇಕಿತ್ತು. ಆದರೆ ಮೊದಲು ಕಣ್ಣೆದುರು ಬಂದವರು ಕಮರಿಪೇಟೆಯ ನಮ್ಮ ಎದುರುಮನೆ ಕಾಕು... ಯಾಕೋ ತಿಳಿಯದು.

ಅರವತ್ತರ ದಶಕದ ಮೊದಲ ವರ್ಷಗಳು. ಆರು ವರ್ಷದ ತಮ್ಮನ ಕೊರಳಲ್ಲಿ ಗಂಟು ಎದ್ದಿತ್ತು. ಕ್ಯಾನ್ಸರ್ ಎಂಬ ಶಬ್ದವನ್ನು ಅಪ್ಪ ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಮುಂಬೈಗೆ ಒಯ್ದು ‘ಕರೆಂಟ್ ಕೊಡಿಸಿ’ ಕರೆದುಕೊಂಡು ಬಂದರು; ರೇಡಿಯೇಶನ್ ಚಿಕಿತ್ಸೆಗೆ ಆಗ ಜನ ಹಾಗೇ ಅನ್ನುತ್ತಿದ್ದರು. ಕೊರಳ ಚರ್ಮ ಕಪ್ಪಾಗಿತ್ತು, ಕಿವಿಯ ಹಿಂದೆ ಕೂದಲು ಉದುರಿತ್ತು. ಕಂಪೌಂಡರು ದಿನಾ ಮನೆಗೇ ಬಂದು ಸೂಜಿ ಹಾಕುತ್ತಿದ್ದರು.

ಓಣಿಯ ಮನೆಗಳಿಗೆ ವಿದ್ಯುತ್ತು ಬಂದು ಬಹಳ ದಿನವಾಗಿರಲಿಲ್ಲ. ‘ಆ ಹುಡುಗನ ಮೈಯಾಗ ಕರೆಂಟ್ ಐತಿ, ಮುಟ್ಟಬ್ಯಾಡ್ರಿ’ ಎಂಬ ಮಾತು ಹಬ್ಬಿತು. ತಮ್ಮ ಬಂದರೆ ಗೋಲಿ ಆಡುವ ಹುಡುಗರು ಎದ್ದು ಹೋಗುತ್ತಿದ್ದರು. ಅವನು ಕಟ್ಟೆಯ ಮೇಲೆ ಒಬ್ಬನೇ ಕೂತು, ಬೆರಳಿನಿಂದ ತನ್ನ ಮೊಣಕೈಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನು ಮಲಗಿದಾಗ ನಾನೂ ಮುಟ್ಟಿ ನೋಡಿದ್ದೆ... ಬೆಚ್ಚಗಿತ್ತು, ಅಷ್ಟೆ. ಆಟ ನಿಂತ ಮೇಲೆ ಅವನು ಊಟವನ್ನೂ ಬಿಟ್ಟ. ಉಣ್ಣದಿದ್ದರೆ ಹುಡುಗ ಉಳಿಯುವುದು ಕಷ್ಟ ಎಂದು ಡಾಕ್ಟರು ಅವ್ವನಿಗೆ ಹೇಳಿದರು.

ಒಂದು ಮುಂಜಾನೆ ಕಾಕು ಊಟಕ್ಕೆ ಕೂಡುವ ಮಣೆಯನ್ನು ಹಿಡಿದುಕೊಂಡು ಓಣಿ ದಾಟಿ ಬಂದರು. ಹಿಂದೊಮ್ಮೆ ಬಟನ್ ಒತ್ತುವಾಗ ಶಾಕ್ ಹೊಡೆದು ಬಿದ್ದವರು. ಅಂದಿನಿಂದ ಕಟ್ಟಿಗೆಯ ಮಣೆ ಹತ್ತದೆ ದೀಪ ಹಚ್ಚುತ್ತಿರಲಿಲ್ಲ. ಈಗ ತಮ್ಮನ ಮುಂದೆ ಮಣೆ ಇಟ್ಟು, ಸೆರಗು ಸಿಕ್ಕಿಸಿ, ಮೇಲೆ ನಿಂತರು.

“ಯಾಕ, ಇಲೆಕ್ಷನ್ನಿಗೆ ನಿಂತೀ ಏನ?” ಆಚೆ ಬಾಗಿಲಿನಿಂದ ಅವರ ಯಜಮಾನರು, ನಮ್ಮ ಕಾಕಾ, ಕೇಳಿದರು.

“ಬಡಿಗಿ ತಗೊಂಡು ಬರ್ರಿ. ನಾ ಅಂಟಿಕೊಂಡ್ರ ಹೊಡ್ದು ಬಿಡಸ್ರಿ,” ಎಂದರು ಕಾಕು.

“ನಿನ್ನ ಹೊಡಿಯೂ ಭಾಗ್ಯಾ ನನಗೆಲ್ಲಿ ಬರಬೇಕು!”

ಓಣಿಯೆಲ್ಲ ನಕ್ಕಿತು. ಕಾಕು ನಗಲಿಲ್ಲ. “ಕೈ ಕೊಡಪಾ, ಲಗೂ ಕೊಡು. ನನಗ ಅಂಜಿಕಿ ಬರಾಕತ್ತೈತಿ,” ಎಂದು ಕಣ್ಣು ಮುಚ್ಚಿ ತಮ್ಮನ ಕೈ ಹಿಡಿದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದರು.

“ಮುಂಬೈನವ್ರು ಏನ್ ಕೊಟ್ರೋ ತಮ್ಮಾ? ಒಂದು ಬಲ್ಬ್ ಸುದ್ದಾ ಹತ್ತಂಗಿಲ್ಲಲ್ಲೋ!”

ತಮ್ಮ ನಕ್ಕ. ಹುಡುಗರು ಒಬ್ಬೊಬ್ಬರಾಗಿ ಬಂದು ಅವನನ್ನು ಮುಟ್ಟಿ, ಆಟಕ್ಕೆ ಎಳೆದೊಯ್ದರು. ಮಧ್ಯಾಹ್ನ ತಾನೇ ರೊಟ್ಟಿ ಕೇಳಿದ.

ಕಾಕು ಹುಡುಗರ ಅಂಜಿಕೆ ಬಿಡಿಸಲು ನಾಟಕ ಆಡಿದರೆಂದೇ ಎಲ್ಲರೂ ತಿಳಿದರು. ನಾನು ಪಕ್ಕದಲ್ಲೇ ಇದ್ದೆ; ಅವರ ಕಾಲು ಥರಥರ ನಡುಗುತ್ತಿದ್ದವು. ಕರೆಂಟ್ ಇದೆಯೆಂದು ಖರೇ ನಂಬಿದವರು ಮುಟ್ಟಲು ಬಂದದ್ದಾದರೂ ಹೇಗೆ? ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ... ಕೇಳಲಿಲ್ಲ. ಈಗ ಅವರೂ ಇಲ್ಲ.

ತಮ್ಮ ಆ ಬೇಸಿಗೆಯೆಲ್ಲ ಓಣಿಯಲ್ಲಿ ಆಡಿದ. ಮಳೆಗಾಲ ಮುಗಿಯುವಷ್ಟರಲ್ಲಿ ಹೋದ. ನಮ್ಮ ಮನೆಯಲ್ಲಿ ಅವನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಅವನು ಹೇಗಿದ್ದ ಎಂದು ಮೊಮ್ಮಕ್ಕಳು ಕೇಳಿದರೆ ಗಂಟಿನ ಮಾತು ಎತ್ತುವುದಿಲ್ಲ. ಗೋಲಿ ಆಟದಲ್ಲಿ ಭಾರಿ ಮೋಸಗಾರ, ಸೋತರೆ ಜಗಳ ತೆಗೆಯುತ್ತಿದ್ದ ಎನ್ನುತ್ತೇನೆ.